ಪೀಸಿಗೆ ಎಷ್ಟು ಬೀಳ್ತದೆ ಅಣ್ಣ?

ನಮ್ಮೂರು ಕಾಟಿಪಳ್ಳದಲ್ಲಿ ಬ್ಲಾಕುಗಳಿವೆ. ಬ್ಲಾಕಿಗೊಂದು ಕ್ಲಬ್ ಇದೆ. ಕೆಲವು ಕಡೆ ಎರಡಿವೆ, ಏಕೆಂದರೆ ಮೊದಲ ಕ್ಲಬ್ಬಿನಲ್ಲಿ ಅಧ್ಯಕ್ಷನ ಕುರ್ಚಿ ಒಂದೇ ಇತ್ತು. ಕ್ಲಬ್ಬಿಗೆ ಮೈದಾನ ಇರಬೇಕೆಂದಿಲ್ಲ. ಕಚೇರಿ ಇರಬೇಕೆಂದಿಲ್ಲ. ಲೆಕ್ಕಪುಸ್ತಕ ಇದ್ದರಂತೂ ತಾಪತ್ರಯ. ಟೀ ಶರ್ಟ್ ಮಾತ್ರ ಇರಲೇಬೇಕು.

ಮೊಸರು ಕುಡಿಕೆಗೊಂದು. ಗಣೇಶೋತ್ಸವಕ್ಕೊಂದು. ಹುಲಿವೇಷದ ತಂಡಕ್ಕೊಂದು. ಮೀಲಾದ್ ಮೆರವಣಿಗೆಗೊಂದು. ಅಂಡರ್ ಆರ್ಮ್ ಕ್ರಿಕೆಟಿಗೊಂದು, ರಕ್ತದಾನ ಶಿಬಿರಕ್ಕೊಂದು, ಬೀಚ್ ಗುಡಿಸಲು ಇನ್ನೊಂದು. ಊರಿನಲ್ಲಿ ಸೌಹಾರ್ದ ಉಳಿದಿಲ್ಲ ಎಂದು ಮೈಕ್ ಹಿಡಿದು ಅಳುವವರು ಒಂದು ಸಂಜೆ ಪ್ರಿಂಟಿಂಗ್ ಅಂಗಡಿಯ ಬೆಂಚಿನಲ್ಲಿ ಕೂತು ನೋಡಲಿ. ಎಲ್ಲ ಧರ್ಮದವರೂ ಬರುತ್ತಾರೆ. ಎಲ್ಲರದ್ದೂ ಒಂದೇ ಪ್ರಾರ್ಥನೆ: “ಪೀಸಿಗೆ ಎಷ್ಟು ಬೀಳ್ತದೆ ಅಣ್ಣ?”

ಎಷ್ಟು ಪೀಸು? ಗೊತ್ತಿಲ್ಲ. ಎಷ್ಟು ಬಣ್ಣ? ಗೊತ್ತಿಲ್ಲ. ಬಟ್ಟೆ ಕಾಟನ್ನೋ ಪಾಲಿಯೆಸ್ಟರೋ? “ಒಳ್ಳೇದು ಹಾಕಿ.” ಡಿಸೈನ್ ಎಲ್ಲಿ? “ವಾಟ್ಸಾಪ್ ಮಾಡ್ತೇನೆ.” ಯಾವಾಗ ಬೇಕು? “ನಾಡಿದ್ದು.” ಇಷ್ಟು ಮಾಹಿತಿಯ ಮೇಲೆ ರೇಟು ಹೇಳಬೇಕು. ಹೇಳಿದ ಮೇಲೆ ಅದು ಜಾಸ್ತಿ ಆಗಬೇಕು. ಜಾಸ್ತಿ ಆಯಿತೆಂದು ಎದ್ದು ಹೋಗಬೇಕು. ಸುರತ್ಕಲ್‌ನಲ್ಲಿ ಎರಡು ಅಂಗಡಿ ತಿರುಗಿ ರಾತ್ರಿ ಫೋನ್ ಮಾಡಬೇಕು: “ಲಾಸ್ಟ್ ಎಷ್ಟು ಹೇಳಿ ಮಾರಾಯ್ರೆ.”

ಪೀಸಿನ ರೇಟು ಎಂಬುದೊಂದು ಇಲ್ಲವೇ ಇಲ್ಲ. ಇದನ್ನು ಯಾರಿಗೆ ಹೇಳೋಣ?

ಸ್ಕ್ರೀನ್ ಪ್ರಿಂಟಿಂಗ್ ತೆಗೆದುಕೊಳ್ಳಿ. ಚೌಕಟ್ಟಿಗೆ ಸಣ್ಣ ಕಣ್ಣಿನ ಮೆಶ್ ಬಿಗಿದು, ಅದಕ್ಕೆ ಎಮಲ್ಷನ್ ಬಳಿದು, ಕತ್ತಲಲ್ಲಿ ಒಣಗಿಸಿ, ಡಿಸೈನಿನ ಫಿಲ್ಮ್ ಇಟ್ಟು ಬೆಳಕಿಗೆ ಒಡ್ಡಿ, ನೀರಲ್ಲಿ ತೊಳೆಯಬೇಕು. ಡಿಸೈನ್ ಇರುವಲ್ಲಿ ಮಾತ್ರ ಎಮಲ್ಷನ್ ಕಳಚಿಕೊಂಡು ಕಣ್ಣು ತೆರೆಯುತ್ತದೆ. ಆ ಕಣ್ಣಿನಿಂದ ಇಂಕನ್ನು ಸ್ಕ್ವೀಜಿಯಲ್ಲಿ ಎಳೆದರೆ ಬಟ್ಟೆಯ ಮೇಲೆ ಅಚ್ಚು. ಇಷ್ಟೂ ಒಂದು ಬಣ್ಣಕ್ಕೆ. ಎರಡನೇ ಬಣ್ಣಕ್ಕೆ ಇನ್ನೊಂದು ಚೌಕಟ್ಟು, ಇನ್ನೊಮ್ಮೆ ಅದೇ ಕೆಲಸ. ನಾಲ್ಕು ಬಣ್ಣ ಎಂದರೆ ನಾಲ್ಕು ಸ್ಕ್ರೀನು, ಒಂದರ ಮೇಲೊಂದು ಕೂದಲೆಳೆ ತಪ್ಪದಂತೆ ಕೂರಿಸುವ ನಾಲ್ಕು ಸರ್ಕಸ್ಸು. ಒಂದು ಪೀಸಿಗೂ ಇಷ್ಟೇ ತಯಾರಿ, ಸಾವಿರಕ್ಕೂ ಇಷ್ಟೇ.

ಲೆಕ್ಕಕ್ಕೆ ಸುಲಭವಾಗಲಿ, ಒಂದು ಸ್ಕ್ರೀನಿಗೆ 400 ರೂಪಾಯಿ ಹಿಡಿಯೋಣ. ಒಮ್ಮೆ ಎಳೆಯುವುದಕ್ಕೆ ಇಂಕು, ಕೂಲಿ ಸೇರಿ 8 ರೂಪಾಯಿ. ನಿಮ್ಮ ಅಂಗಡಿಯಲ್ಲಿ ಹೆಚ್ಚು ಕಮ್ಮಿ ಇರಬಹುದು, ಲೆಕ್ಕದ ನಡಿಗೆ ಅದೇ. 100 ಟೀ ಶರ್ಟಿಗೆ ಒಂದೇ ಬಣ್ಣ ಹಾಕಿಸಿದರೆ ಸ್ಕ್ರೀನಿನ ಖರ್ಚು ಹಂಚಿ 4, ಎಳೆತಕ್ಕೆ 8. ಒಟ್ಟು 12 ರೂಪಾಯಿ. ನಾಲ್ಕು ಬಣ್ಣ ಹಾಕಿಸಿದರೆ 48. ಅದೇ ನಾಲ್ಕು ಬಣ್ಣ ಹತ್ತೇ ಪೀಸಿಗೆ ಹಾಕಿಸಿದರೆ 192. ಬಟ್ಟೆಗಿಂತ ಬಣ್ಣವೇ ದುಬಾರಿ.

ಹನ್ನೆರಡು ರೂಪಾಯಿಯಲ್ಲಿ ಮುಗಿಯುವುದನ್ನು ನಲವತ್ತೆಂಟಕ್ಕೆ ಏರಿಸಿದವರು ಯಾರು? ಅಂಗಡಿಯವನಲ್ಲ. ಸಮಿತಿ.

ಸಮಿತಿಗೆ ಬಣ್ಣ ಬೇಕು. ನಮ್ಮ ಲೋಗೋದಲ್ಲಿ ಸೂರ್ಯ ಹುಟ್ಟಬೇಕು, ಹುಲಿ ಗರ್ಜಿಸಬೇಕು, ಅಲೆ ಏಳಬೇಕು, ತೆಂಗಿನಮರ ಬಾಗಬೇಕು, ಕೆಳಗೆ ರಿಬ್ಬನ್ನು, ರಿಬ್ಬನ್ನಿನೊಳಗೆ ಇಸವಿ. ಎರಡು ವರ್ಷದ ಹಿಂದೆ ಹುಟ್ಟಿದ ಕ್ಲಬ್ಬಿಗೂ ಇಸವಿ. ಇಷ್ಟನ್ನೂ ಎದೆಯ ಎಡಗಡೆ ಮೂರು ಇಂಚಿನಲ್ಲಿ ಕೂರಿಸಬೇಕು. ತೊಳೆದ ಮೇಲೆ ಅದು ಹುಲಿಯೋ ಬೆಕ್ಕೋ ಎಂದು ಯಾರೂ ಕೇಳುವುದಿಲ್ಲ, ಅದು ಬೇರೆ ಮಾತು.

ಆಮೇಲೆ ಬೆನ್ನು.

ಬೆನ್ನು ದಾನಿಗಳದ್ದು. ಟೀ ಶರ್ಟ್ ತೊಡುವವನಿಗೆ ಅದರಲ್ಲಿ ಪಾಲಿಲ್ಲ. ಹಾರ್ಡ್‌ವೇರ್ ಅಂಗಡಿ, ಕೇಟರಿಂಗ್, ಫ್ಯಾನ್ಸಿ ಸ್ಟೋರ್, ಗಲ್ಫಿನಲ್ಲಿರುವ ಯಾರದೋ ಭಾವ. ಪ್ರತಿಯೊಬ್ಬರಿಗೂ ತಮ್ಮ ಲೋಗೋ ತಮ್ಮ ಬಣ್ಣದಲ್ಲೇ ಬರಬೇಕು. ಎಲ್ಲವನ್ನೂ ಬಿಳಿಯಲ್ಲಿ ಹಾಕುವ, ಒಂದೇ ಸ್ಕ್ರೀನಿನಲ್ಲಿ ಮುಗಿಯುತ್ತದೆ ಎಂದು ಅಂಗಡಿಯ ಹುಡುಗ ಹೇಳುತ್ತಾನೆ. ಸುಳ್ಳು ಹೇಳುತ್ತಿಲ್ಲ. ಆದರೆ ದಾನಿಗೆ ಅದು ಅವಮಾನ. “ನಮ್ಮದು ಬ್ರ್ಯಾಂಡ್ ಕಲರ್.”

ಈಗ ದಾನದ ಲೆಕ್ಕ ನೋಡಿ. ದಾನಿ ಕೊಟ್ಟದ್ದು 2,000 ರೂಪಾಯಿ. ಅವನ ಬಣ್ಣಕ್ಕೆ ಒಂದು ಪ್ರತ್ಯೇಕ ಸ್ಕ್ರೀನು, 400. ನೂರು ಎಳೆತಕ್ಕೆ 800. ಅಂದರೆ ಅವನು ಕೊಟ್ಟ ಎರಡು ಸಾವಿರದಲ್ಲಿ 1,200 ಅವನ ಹೆಸರು ಬರೆಯುವುದಕ್ಕೇ ಹೋಯಿತು. ಅವನ ಲೋಗೋದಲ್ಲಿ ಎರಡು ಬಣ್ಣ ಇದ್ದರೆ ಖರ್ಚು 2,400. ಕ್ಲಬ್ಬಿಗೆ 400 ನಷ್ಟ. ದಾನಿಯ ಜಾಹೀರಾತಿಗೆ ಕ್ಲಬ್ಬೇ ದಾನ ಕೊಟ್ಟಂತಾಯಿತು. ಇಷ್ಟಾದ ಮೇಲೆ ವೇದಿಕೆಗೆ ಕರೆದು ಅವನಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ. ನಿರೂಪಕ ಅವನನ್ನು ಕೊಡುಗೈ ದಾನಿ ಎನ್ನುತ್ತಾನೆ. ಚಪ್ಪಾಳೆ.

ಇದನ್ನು ಸಮಿತಿಯ ಸಭೆಯಲ್ಲಿ ಹೇಳಿ ನೋಡಿ. ನಿಮ್ಮನ್ನು ನೆಗೆಟಿವ್ ಮನುಷ್ಯ ಎಂದು ಗ್ರೂಪಿನಿಂದ ತೆಗೆಯುತ್ತಾರೆ.

ಟೀ ಶರ್ಟ್ ಯಾವ ಬಣ್ಣದ್ದು? ಕಪ್ಪು. ಕೇಳಬೇಕಾಗಿಯೇ ಇಲ್ಲ. ಕರಾವಳಿಯ ಸೆಕೆ, ನೆತ್ತಿಯ ಮೇಲೆ ಬಿಸಿಲು, ಮೆರವಣಿಗೆಯಲ್ಲಿ ಐದು ಕಿಲೋಮೀಟರ್ ಕುಣಿತ, ಮೈಗೆ ಕಪ್ಪು. ಕಪ್ಪಿನ ಮೇಲೆ ಹಳದಿ ಹಾಕಿದರೆ ಹಳದಿ ಕಾಣುವುದಿಲ್ಲ. ಅಡಿಯಲ್ಲಿ ಮೊದಲು ಬಿಳಿ ಹಾಕಬೇಕು. ಹಾಗೆ ಇನ್ನೊಂದು ಸ್ಕ್ರೀನು, ಇನ್ನೊಂದು ಎಳೆತ. ನಾಲ್ಕು ಬಣ್ಣ ಐದಾಯಿತು, 48 ಹೋಗಿ 60 ಆಯಿತು. “ಬಿಳಿಗೂ ಚಾರ್ಜ್ ಉಂಟಾ?” ಎಂದು ಕೇಳುತ್ತಾರೆ. ಉಂಟು ಸ್ವಾಮಿ. ಬಿಳಿ ಆಕಾಶದಿಂದ ಬೀಳುವುದಿಲ್ಲ.

ಇಲ್ಲಿಗೆ ಡಿಟಿಎಫ್ ಬಂತು. ನಾಲ್ಕೈದು ವರ್ಷದಲ್ಲಿ ಎಲ್ಲ ಅಂಗಡಿಯ ಬೋರ್ಡಿಗೂ ಏರಿದೆ. ಫಿಲ್ಮಿನ ಮೇಲೆ ಬಣ್ಣದಲ್ಲೇ ಪ್ರಿಂಟು ಹೊಡೆದು, ಹಿಂದೆ ಬಿಳಿ ಕೊಟ್ಟು, ಅಂಟಿನ ಪುಡಿ ಉದುರಿಸಿ ಕಾಯಿಸಿ, ಹೀಟ್ ಪ್ರೆಸ್ಸಿನಲ್ಲಿ ಸುಮಾರು 150–160 ಡಿಗ್ರಿಯಲ್ಲಿ ಬಟ್ಟೆಗೆ ಒತ್ತುವುದು. ನಾಲ್ಕು ಬಣ್ಣವೂ ಒಂದೇ ರೇಟು, ನಾನೂರೂ ಒಂದೇ ರೇಟು. ಹತ್ತು ಪೀಸಿಗೂ ಆಗುತ್ತದೆ. ಹುಟ್ಟುಹಬ್ಬದ ಗುಂಪಿಗೆ, ಪ್ರವಾಸದ ಗುಂಪಿಗೆ ಇದು ಹೇಳಿ ಮಾಡಿಸಿದ್ದು. ಒಪ್ಪುತ್ತೇನೆ.

ಆದರೆ ಇಲ್ಲಿ ಬಣ್ಣದ ಬದಲು ಅಳತೆಗೆ ದುಡ್ಡು. 60 ಸೆಂಟಿಮೀಟರ್ ಅಗಲದ ರೋಲಿನಲ್ಲಿ ಮೀಟರಿಗೆ 300 ರೂಪಾಯಿ ಹಿಡಿಯೋಣ. ಅಂಚು, ಸಂದು ಬಿಟ್ಟು ಎ4 ಅಳತೆಯ ಚಿತ್ರ ಆರು ಕೂರುತ್ತವೆ ಎನ್ನೋಣ, ಒಂದಕ್ಕೆ 50. ಎ3 ಆದರೆ ಮೂರೇ, ಒಂದಕ್ಕೆ 100. ಎದೆಯ ಸಣ್ಣ ಲೋಗೋ ಅರವತ್ತಕ್ಕೂ ಹೆಚ್ಚು ಕೂರುತ್ತವೆ, ಒಂದಕ್ಕೆ 5 ರೂಪಾಯಿಯೂ ಬೀಳದು. ಒತ್ತುವ ಕೂಲಿ 10 ಸೇರಿಸಿ. ಎ4 ಚಿತ್ರಕ್ಕೆ 60 ಆಯಿತು. ಹತ್ತಕ್ಕೂ 60, ಸಾವಿರಕ್ಕೂ 60.

ಎರಡನ್ನೂ ಅಕ್ಕಪಕ್ಕ ಇಡಿ. ಒಂದೇ ಬಣ್ಣದ ಡಿಸೈನಾದರೆ ಎಂಟನೇ ಪೀಸಿನಿಂದಲೇ ಸ್ಕ್ರೀನ್ ಅಗ್ಗ. ಬಿಳಿ ಬಟ್ಟೆಯ ಮೇಲೆ ನಾಲ್ಕು ಬಣ್ಣವಾದರೆ ಐವತ್ತೆಂಟರಿಂದ. ಕಪ್ಪು ಬಟ್ಟೆಯಾದರೆ ನೂರು ದಾಟಬೇಕು. ಐದನೇ ಕ್ಲಾಸಿನ ಭಾಗಾಕಾರ. ಬಿ.ಕಾಂ. ಮಾಡಿದ ಖಜಾಂಚಿ ಇದನ್ನು ಮಾಡುವುದಿಲ್ಲ. ಅವನು “ಸ್ಕ್ರೀನ್ ಒಳ್ಳೇದಾ ಡಿಟಿಎಫ್ ಒಳ್ಳೇದಾ” ಎಂದು ಸ್ಟೇಟಸ್ ಹಾಕಿ ಅಭಿಪ್ರಾಯ ಸಂಗ್ರಹಿಸುತ್ತಾನೆ.

ಕೊನೆಗೆ ಡಿಟಿಎಫ್‌ನಲ್ಲೇ ಬೆನ್ನ ತುಂಬ ಎ3 ಹಾಕಿಸುತ್ತಾರೆ. ಗಾಳಿಯಾಡದ ಒಂದು ಹಾಳೆ ಬೆನ್ನಿಗೆ ಮೆತ್ತಿಕೊಂಡಿರುತ್ತದೆ. ಒಳಗೆ ಬೆವರು ಧಾರೆ. ಹೊರಗೆ ಹನ್ನೆರಡು ದಾನಿಗಳು ಹೊಳೆಯುತ್ತಿರುತ್ತಾರೆ.

ಇನ್ನು ಋತುಮಾನ. ಆರ್ಡರುಗಳ ಸುಗ್ಗಿ ಅಷ್ಟಮಿ, ಚೌತಿಗೆ. ಅಂದರೆ ಮಳೆ. ಸ್ಕ್ರೀನಿನ ಎಮಲ್ಷನ್ ಒಣಗುವುದಿಲ್ಲ. ಡಿಟಿಎಫ್‌ನ ಪುಡಿ ತೇವಕ್ಕೆ ಗಂಟು ಕಟ್ಟಿ, ಚಿತ್ರ ಇಲ್ಲದ ಕಡೆಗೂ ಅಂಟಿಕೊಂಡು ಫಿಲ್ಮಿನ ಅಂಚೆಲ್ಲ ಸುಣ್ಣ ಚೆಲ್ಲಿದಂತೆ ಕಾಣುತ್ತದೆ. ಕರೆಂಟು ಹೋಗಿ ಬರುತ್ತದೆ. ಬಂದಾಗಲೆಲ್ಲ ಹುಡುಗ ಹೇರ್ ಡ್ರೈಯರ್ ಹಿಡಿದು ಸ್ಕ್ರೀನ್ ಒಣಗಿಸುತ್ತ ಕೂತಿರುತ್ತಾನೆ. ಹೊರಗೆ ಬೈಕ್ ನಿಲ್ಲಿಸಿದವನು ಇಳಿಯದೆ ಕೇಳುತ್ತಾನೆ: “ಇನ್ನೂ ಆಗ್ಲಿಲ್ವಾ? ಎಂತ ಮಾಡ್ತೀರಿ ನೀವು?” ಆರ್ಡರ್ ಕೊಟ್ಟದ್ದು ನಿನ್ನೆ. ಅಡ್ವಾನ್ಸ್ ಕೊಟ್ಟಿಲ್ಲ. ಚೌತಿ ಯಾವತ್ತೆಂದು ಪಂಚಾಂಗದವರು ಒಂದು ವರ್ಷ ಮೊದಲೇ ಹೇಳಿದ್ದರು.

ಕಳಿಸಿದ ಡಿಸೈನೂ ಹಾಗೇ. ಲೋಗೋ ಎಂದು ಬಂದದ್ದು ಯಾರದೋ ಸ್ಟೇಟಸಿನ ಸ್ಕ್ರೀನ್‌ಶಾಟ್. ಮೇಲೆ ಬ್ಯಾಟರಿ 14 ಪರ್ಸೆಂಟ್ ಎಂದೂ ಕಾಣುತ್ತದೆ. ಅದನ್ನು ಹುಡುಗ ಕೋರೆಲ್‌ನಲ್ಲಿ ಗೆರೆಗೆರೆಯಾಗಿ ಮತ್ತೆ ಬರೆಯಬೇಕು. ಕನ್ನಡ ಅಕ್ಷರ ನುಡಿ ಫಾಂಟಿನಿಂದ ಯೂನಿಕೋಡಿಗೆ ಹಾರುವಾಗ ಒತ್ತಕ್ಷರ ಕಳಚಿ ಬಿದ್ದದ್ದನ್ನು ಎತ್ತಿ ಜೋಡಿಸಬೇಕು. ಈಚೆಗೆ ತುಳು ಲಿಪಿಯೂ ಬೇಕು. ಓದಲು ಬರುವವರು ಕಡಿಮೆ, ಹಾಗಾಗಿ ತಪ್ಪಿದ್ದರೂ ಅಭಿಮಾನಕ್ಕೆ ಧಕ್ಕೆಯಿಲ್ಲ. ಮೂರು ಗಂಟೆಯ ಈ ಕೆಲಸಕ್ಕೆ ರೇಟು ಕೇಳಿದರೆ ಉತ್ತರ ಸಿದ್ಧ: “ಡಿಸೈನ್ ಫ್ರೀ ಅಲ್ವಾ ಅಣ್ಣ?”

ಕ್ರಿಕೆಟಿನವರದು ಬೇರೆ ಲೋಕ. ಅವರಿಗೆ ಸಬ್ಲಿಮೇಷನ್. ಬಣ್ಣ ಸುಮಾರು 200 ಡಿಗ್ರಿ ಕಾವಿಗೆ ಆವಿಯಾಗಿ ಪಾಲಿಯೆಸ್ಟರಿನ ನೂಲಿನೊಳಗೇ ಹೊಗುತ್ತದೆ. ಸುಲಿಯುವುದಿಲ್ಲ, ಬಿರಿಯುವುದಿಲ್ಲ, ಕೈಗೆ ತಟ್ಟುವುದೂ ಇಲ್ಲ. ಬಿಳಿ ಅಥವಾ ತಿಳಿ ಬಣ್ಣದ ಪಾಲಿಯೆಸ್ಟರೇ ಆಗಬೇಕು, ಕಾಟನ್ನಿಗೆ ಹಿಡಿಯುವುದಿಲ್ಲ. ಬಟ್ಟೆಯ ತುಂಡುಗಳಿಗೆ ಮೊದಲೇ ಪ್ರಿಂಟು ಕೊಟ್ಟು ಆಮೇಲೆ ಹೊಲಿಯುವುದರಿಂದ ಹೆಸರು, ನಂಬರು ಬೇರೆ ಬೇರೆ ಹಾಕಿದರೂ ಹೆಚ್ಚು ಖರ್ಚಿಲ್ಲ. ಅದೇ ಹೆಸರನ್ನು ವಿನೈಲ್‌ನಲ್ಲಿ ಹಾಕಿಸಿದರೆ ಒಂದೊಂದೇ ಅಕ್ಷರ ಕತ್ತರಿಸಿ, ಬೇಡದ್ದನ್ನು ಸೂಜಿಯಲ್ಲಿ ಕಿತ್ತು, ಒತ್ತಬೇಕು. ಉದ್ದ ಹೆಸರಿನವನು ದುಬಾರಿ.

ಸಬ್ಲಿಮೇಷನ್ ಕೊಟ್ಟ ಈ ಸ್ವಾತಂತ್ರ್ಯವನ್ನು ನಮ್ಮ ವೀರರು ಹೇಗೆ ಬಳಸಿದರು? ಹನ್ನೊಂದು ಮಂದಿಯಲ್ಲಿ ಐವರಿಗೆ 18 ಬೇಕು. ಕೊಹ್ಲಿ. ನಾಲ್ವರಿಗೆ 7. ಧೋನಿ. ಇಬ್ಬರಿಗೆ 45. ಸ್ಕೋರರ್ ತಲೆ ಚಚ್ಚಿಕೊಳ್ಳುತ್ತಾನೆ. ಬೆನ್ನ ಮೇಲೆ ಅಪ್ಪ ಅಮ್ಮ ಇಟ್ಟ ಹೆಸರಿಲ್ಲ. ಬಾಸ್, ಕಿಂಗ್, ಡಾನ್. ಡಾನ್ ಎರಡು ಬಾಲಿಗೆ ಔಟ್.

ನೇರವಾಗಿ ಬಟ್ಟೆಯ ಮೇಲೇ ಇಂಕ್‌ಜೆಟ್ ಹೊಡೆಯುವ ಡಿಟಿಜಿಯೂ ಇದೆ. ಕಾಟನ್ನಿಗೆ ಸೊಗಸು. ಯಂತ್ರ ಲಕ್ಷಗಳ ಲೆಕ್ಕದ್ದು, ನಿತ್ಯ ಓಡಿಸದಿದ್ದರೆ ಹೆಡ್ ಕಟ್ಟಿಕೊಳ್ಳುತ್ತದೆ, ಗಾಢ ಬಣ್ಣದ ಬಟ್ಟೆಗೆ ಮೊದಲು ದ್ರಾವಣ ಸಿಂಪಡಿಸಬೇಕು. ಒಂದೇ ಪೀಸ್ ಬೇಕೆಂದು ಆನ್‌ಲೈನಿನಲ್ಲಿ ತರಿಸುವವರಿಗೆ ಸರಿ. ನಮ್ಮ ಕೈಕಂಬದಲ್ಲಿ ನಿಂತು ಹತ್ತು ರೂಪಾಯಿಗೆ ಜಗಳ ಮಾಡುವವರಿಗಲ್ಲ.

ಎಂಬ್ರಾಯ್ಡರಿ ಮಾತ್ರ ಹೇಳಲೇಬೇಕು. ಅಲ್ಲಿ ಬಣ್ಣಕ್ಕೆ ದುಡ್ಡಿಲ್ಲ, ಹೊಲಿಗೆಯ ಎಣಿಕೆಗೆ ದುಡ್ಡು. ಎದೆಯ ಸಣ್ಣ ಲೋಗೋವೂ ಸಾವಿರಗಟ್ಟಲೆ ಹೊಲಿಗೆ ನುಂಗುತ್ತದೆ. ಹಾಗಾಗಿ ಅದು ಗಣ್ಯರಿಗೆ. ಅಧ್ಯಕ್ಷರಿಗೆ, ಗೌರವಾಧ್ಯಕ್ಷರಿಗೆ, ಗೌರವಾಧ್ಯಕ್ಷರ ಅಳಿಯನಿಗೆ ಕಾಲರಿನ ದಪ್ಪ ಟೀ ಶರ್ಟ್, ಎದೆಯಲ್ಲಿ ಕಸೂತಿ. ಚಪ್ಪರದ ಕಂಬ ಹೊತ್ತು, ಅನ್ನ ಬಡಿಸಿ, ಎಂಜಲೆಲೆ ಎತ್ತುವ ಹುಡುಗರಿಗೆ ಎದುರಿನಿಂದ ಹಿಂದಿನದು ಕಾಣುವ ರೌಂಡ್ ನೆಕ್. ಇಬ್ಬರ ಬಟ್ಟೆಯ ಮೇಲೂ ಒಂದೇ ಬರಹ: ನಾವೆಲ್ಲರೂ ಒಂದೇ.

ಪರಿಸರದವರನ್ನು ಬಿಟ್ಟರೆ ಬೇಜಾರಾದೀತು. ಬೀಚ್ ಗುಡಿಸಲು ಬರುತ್ತಾರೆ, ಒಂದು ಗಂಟೆ. ಮೈಮೇಲೆ ಹೊಸ ಟೀ ಶರ್ಟ್: ‘ಪ್ಲಾಸ್ಟಿಕ್ ತ್ಯಜಿಸಿ, ಕಡಲು ಉಳಿಸಿ’. ಬಟ್ಟೆ ಪಾಲಿಯೆಸ್ಟರ್, ಅದು ಪ್ಲಾಸ್ಟಿಕ್. ಅಕ್ಷರದ ಇಂಕು ಪ್ಲಾಸ್ಟಿಸಾಲ್, ಅದು ಪಿವಿಸಿ. ಒಂದೊಂದೂ ಬಂದದ್ದು ಪ್ಲಾಸ್ಟಿಕ್ ಕವರಿನಲ್ಲಿ. ಕವರು ಹರಿದು ಎಲ್ಲಿ ಹಾಕಿದರೆಂದು ಕೇಳಬೇಡಿ, ಮುಂದಿನ ಸಲ ಗುಡಿಸಲು ಏನಾದರೂ ಬೇಕಲ್ಲ. ನೀರಿನ ಇಂಕಿನಲ್ಲಿ, ಕಾಟನ್ನಿನ ಮೇಲೆ ಹಾಕಿಸಬಹುದಿತ್ತು. ಆದರೆ ಅದು ಫೋಟೋದಲ್ಲಿ ಹೊಳೆಯುವುದಿಲ್ಲ.

ಟೀ ಶರ್ಟಿನ ನಿಜವಾದ ದರದ ಮೇಲೆ ಈ ದೇಶದಲ್ಲಿ ಶ್ರದ್ಧೆ ಹುಟ್ಟುವುದು ಚುನಾವಣೆಯಲ್ಲಿ ಮಾತ್ರ. ವಿಧಾನಸಭೆಯ ಅಭ್ಯರ್ಥಿ 40 ಲಕ್ಷ ರೂಪಾಯಿ ದಾಟುವಂತಿಲ್ಲ. ಪ್ರಚಾರ ಸಾಮಗ್ರಿಗೆಲ್ಲ ಜಿಲ್ಲೆಯಲ್ಲಿ ಅಧಿಕೃತ ದರಪಟ್ಟಿ ಇರುತ್ತದೆ. ಆಗ ನೋಡಬೇಕು ನಮ್ಮವರ ಸರಳತೆ. ವರ್ಷವಿಡೀ ನಾಲ್ಕು ಬಣ್ಣಕ್ಕೆ ಹಟ ಹಿಡಿದವರೇ ಲೆಕ್ಕ ಒಪ್ಪಿಸುವಾಗ ಒಂದು ಬಣ್ಣದ, ಅತಿ ತೆಳ್ಳಗಿನ, ಅತಿ ಅಗ್ಗದ ಟೀ ಶರ್ಟಿಗೆ ಇಳಿಯುತ್ತಾರೆ. ಬೀದಿಯಲ್ಲಿ ಐನೂರು ಮಂದಿ ತೊಟ್ಟು ಕುಣಿದದ್ದು ಕಾಗದದಲ್ಲಿ ಐವತ್ತಾಗುತ್ತದೆ. ಉಳಿದವರು ಅಭಿಮಾನದಿಂದ ಸ್ವಂತ ಖರ್ಚಿನಲ್ಲಿ ಹೊಲಿಸಿಕೊಂಡವರಂತೆ. ಒಂದೇ ಬಣ್ಣದಲ್ಲಿ, ಒಂದೇ ಅಚ್ಚಿನಲ್ಲಿ.

ಈಗ ಊರಿನ ಮಾತು. ಕಾಟಿಪಳ್ಳ ಹೇಗೆ ಹುಟ್ಟಿತೆಂದು ಇಲ್ಲಿಯ ಹಿರಿಯರಿಗೆ ಗೊತ್ತು. ಪಣಂಬೂರಿನಲ್ಲಿ ನವಮಂಗಳೂರು ಬಂದರು ಕಟ್ಟಲು ನೆಲ ಬಿಟ್ಟುಕೊಟ್ಟವರನ್ನು ತಂದು ನೆಲೆಗೊಳಿಸಿದ ಊರು. ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿತು, 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು. ನೆಲ ಕೊಟ್ಟವರಿಗೆ ನಂಬರು ಹಾಕಿದ ಬ್ಲಾಕು ಸಿಕ್ಕಿತು. ಅಂದಿನಿಂದ ಇಲ್ಲಿ ಎಲ್ಲ ಪಕ್ಷದ, ಎಲ್ಲ ಸಂಘದ ಬಾಯಲ್ಲೂ ಒಂದು ಮಾತಿದೆ: ಸ್ಥಳೀಯರಿಗೆ ಉದ್ಯೋಗ ಕೊಡಿ. ನ್ಯಾಯವಾದ ಮಾತು. ನನ್ನ ಸಹಿಯೂ ಅದಕ್ಕೆ ಇದೆ.

ಆ ಮಾತನ್ನು ಟೀ ಶರ್ಟಿನಲ್ಲಿ ಬರೆಸಿಕೊಂಡು ಧರಣಿ ಕೂರುತ್ತೇವೆ. ಟೀ ಶರ್ಟ್ ತಿರುಪ್ಪೂರಿನದು. ಅದರಲ್ಲಿ ತಪ್ಪಿಲ್ಲ, ದೇಶದ ಹೊಸೈರಿಯ ದೊಡ್ಡ ಪಾಲು ಅಲ್ಲಿಂದಲೇ ಬರುತ್ತದೆ. ಇಲ್ಲಿಯ ಅಂಗಡಿಯವನೂ ಖಾಲಿ ಟೀ ಶರ್ಟ್ ಅಲ್ಲಿಂದಲೇ ತರಿಸುತ್ತಾನೆ. ಬಟ್ಟೆಯ ತೂಕದ ಜಿಎಸ್‌ಎಂ ಇಷ್ಟು, ರೇಟು ಇಷ್ಟು. ಅಲ್ಲಿ ಚೌಕಾಸಿ ನಡೆಯುವುದಿಲ್ಲ, ಹಣ ಮೊದಲು ಹೋಗಬೇಕು, ಪಾರ್ಸೆಲ್ ಆಮೇಲೆ. ಇಂಕು ಹೊರಗಿನದು, ಫಿಲ್ಮು ಹೊರಗಿನದು, ಯಂತ್ರ ಹೊರಗಿನದು. ಎಲ್ಲಕ್ಕೂ ಹೇಳಿದಷ್ಟು ಕೊಟ್ಟೇ ತರಬೇಕು. ಈ ಇಡೀ ಬಾಬಿನಲ್ಲಿ ಕಾಟಿಪಳ್ಳದ್ದು ಅಂತ ಇರುವುದು ಒಂದೇ, ಸ್ಕ್ವೀಜಿ ಎಳೆಯುವ ಹುಡುಗನ ಕೂಲಿ. ಎಂಟು ರೂಪಾಯಿ. ಅದರಲ್ಲೂ ಇಂಕು ಕಳೆಯಬೇಕು.

ನಾವು ಕಡಿಮೆ ಮಾಡಿ ಎಂದು ಹಟ ಹಿಡಿಯುವುದು ಆ ಎಂಟು ರೂಪಾಯಿಯ ಮೇಲೆ. ಬೇರೆ ಯಾವುದರ ಮೇಲೂ ನಮ್ಮ ಹಟ ನಡೆಯುವುದಿಲ್ಲ. ಸ್ಥಳೀಯನಿಗೆ ಉದ್ಯೋಗ ಸಿಕ್ಕಿದೆ, ಸಂಬಳ ಮಾತ್ರ ನಮಗೆ ಹೊಟ್ಟೆಯುರಿ.

“ಆನ್‌ಲೈನಿನಲ್ಲಿ ಇದಕ್ಕಿಂತ ಕಮ್ಮಿಗೆ ಸಿಗ್ತದೆ” ಎಂದು ಅವನ ಮುಂದೆಯೇ ಮೊಬೈಲ್ ಹಿಡಿಯುತ್ತಾರೆ. ಸಿಗುತ್ತದೆ. ಬಣ್ಣ ತಪ್ಪಿದರೆ, ಅಳತೆ ತಪ್ಪಿದರೆ, ಅಧ್ಯಕ್ಷರ ಇನಿಶಿಯಲ್ ತಪ್ಪಿದರೆ ರಾತ್ರಿ ಹನ್ನೊಂದಕ್ಕೆ ಷಟರ್ ತಟ್ಟಲು ಆ ಆನ್‌ಲೈನಿಗೆ ಬಾಗಿಲಿಲ್ಲ, ಅಷ್ಟೆ. ಆಗ ಬರುವುದು ಇಲ್ಲಿಗೇ. “ಸ್ವಲ್ಪ ಅಡ್ಜಸ್ಟ್ ಮಾಡಿ ಅಣ್ಣ, ನಮ್ಮ ಊರಿನವರಲ್ವಾ ನೀವು?”

ಮೊನ್ನೆ ಒಂದು ಕ್ಲಬ್ಬಿನ ಮಹಾಸಭೆ. ಯಾವುದೆಂದು ಬೇಡ. ಖರ್ಚಿನ ಪಟ್ಟಿ ಓದಿದರು. ಡಿಜೆ ಸೌಂಡ್, ಪಟಾಕಿ, ಅತಿಥಿಗಳ ಊಟ, ಫ್ಲೆಕ್ಸು. ಎಲ್ಲ ಪಾಸ್. ಟೀ ಶರ್ಟ್ ಪ್ರಿಂಟಿಂಗ್ ಎಂದಾಗ ಒಬ್ಬರು ಎದ್ದು ನಿಂತರು, ಅರವತ್ತು ರೂಪಾಯಿ ಹೇಗಾಯಿತು, ಬೇರೆಯವರಿಗೆ ಹನ್ನೆರಡಕ್ಕೆ ಮಾಡಿ ಕೊಟ್ಟಿದ್ದಾರಂತೆ. ನಾಲ್ಕು ಬಣ್ಣ ಬೇಕೆಂದು, ಕಪ್ಪೇ ಬೇಕೆಂದು ಗ್ರೂಪಿನಲ್ಲಿ ಮೊದಲು ಬರೆದವರೇ ಇವರು. ಅಂಗಡಿಯವನು ನಮಗೆ ಟೋಪಿ ಹಾಕಿದ್ದಾನೆ ಎಂದು ಸರ್ವಾನುಮತದಿಂದ ತೀರ್ಮಾನವಾಯಿತು. ಮುಂದಿನ ವರ್ಷ ಬೇರೆ ಕಡೆ ಕೊಡುವುದೆಂದು ನಿರ್ಣಯ ಬರೆದರು. ಅವನಿಗೆ ಕೊಡಬೇಕಾದ ಬಾಕಿಯ ವಿಷಯ ಅಜೆಂಡಾದಲ್ಲಿ ಇರಲಿಲ್ಲ.